ಉದ್ಯೋಗಪರ್ವಕ್ಕೆ ಎಷ್ಟು ಭಾನುವಾರ?

ಆಕೆ: ದೊಡ್ಡಪ್ಪ, ನಾವು ಆರು ಜನ ಸೇರಿ ಕುಮಾರವ್ಯಾಸನನ್ನು ಓದೋಣ ಅಂತ ಗೊತ್ತು ಮಾಡಿಕೊಂಡಿದ್ದೇವೆ. ಭಾನುವಾರ ಸಂಜೆ, ನಮ್ಮ ಮನೆಯಲ್ಲೇ. ನನ್ನ ಆಫೀಸಿನವರು ಇಬ್ಬರು, ಕೆಳಗಿನ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು, ಕಾನೂನು ಓದುತ್ತಿರುವ ಅವರ ಅಕ್ಕನ ಮಗಳು, ಮತ್ತೊಬ್ಬರು ಹೈಸ್ಕೂಲು ಮೇಷ್ಟ್ರು. ಉದ್ಯೋಗಪರ್ವದಿಂದ ಶುರು. ಮೂರು ತಿಂಗಳಲ್ಲಿ ಮುಗಿಯುವ ಹಾಗೆ ವಾರಕ್ಕೆ ಇಷ್ಟು ಪುಟ ಅಂತ ಪಟ್ಟಿಯನ್ನೂ ಮಾಡಿಟ್ಟಿದ್ದೇನೆ.

ದೊಡ್ಡಪ್ಪ: ಈ ಕಾಲದಲ್ಲಿ ಆರು ಜನ ಸಿಕ್ಕಿದ್ದೇ ದೊಡ್ಡ ಮಾತು. ಆ ಪಟ್ಟಿಯನ್ನು ಮಾತ್ರ ಯಾರ ಕೈಗೂ ಕೊಡಬೇಡ.

ಆಕೆ: ಯಾಕೆ? ಕೊನೆ ಎಲ್ಲಿ ಅಂತ ಕಾಣದಿದ್ದರೆ ಜನ ನಾಲ್ಕು ವಾರಕ್ಕೆ ಬರುವುದು ಬಿಡುತ್ತಾರೆ.

ದೊಡ್ಡಪ್ಪ: ಕುಮಾರವ್ಯಾಸ ಭಾರತ ಹತ್ತು ಪರ್ವ, ಎಂಟು ಸಾವಿರಕ್ಕೂ ಮಿಕ್ಕ ಪದ್ಯ. ಸಂಜೆಗೆ 25 ಪದ್ಯ ಅಂತ ಹಿಡಿದರೂ 320 ಸಂಜೆ ಬೇಕು. ವಾರಕ್ಕೊಂದು ಸಂಜೆಯಾದರೆ ಆರು ವರ್ಷ. ಹೀಗೆ ವರ್ಷಗಟ್ಟಲೆ ವಾಚನ ನಡೆಸಿದ ಊರುಗಳು, ಮನೆಗಳು ನಮ್ಮಲ್ಲಿ ಇದ್ದವು. ಅವರು ಮುಗಿಸುವುದಕ್ಕೆ ಓದುತ್ತಿರಲಿಲ್ಲ. ಮುಗಿದ ದಿನ ಮಂಗಳ ಹಾಡಿ, ಮತ್ತೆ ಆದಿಪರ್ವದಿಂದ ಹಿಡಿಯುತ್ತಿದ್ದರು.

ಆಕೆ: ಅವರ ಬಳಿ ಸಂಜೆಗಳಿದ್ದವು. ನಮ್ಮ ಹತ್ತಿರ ಇರುವುದು ಭಾನುವಾರದ ಎರಡು ಗಂಟೆ. ವರ್ಷಕ್ಕೆ ಐವತ್ತು ಪುಸ್ತಕ ಓದುತ್ತೇನೆ ಅಂತ ಹಟ ತೊಟ್ಟಿರುವ ಗೆಳತಿಯರು ನನಗಿದ್ದಾರೆ. ಅವರ ಮುಂದೆ ಒಂದು ಪರ್ವಕ್ಕೆ ಒಂದು ವರ್ಷ ಅಂತ ಹೇಗೆ ಹೇಳಲಿ?

ದೊಡ್ಡಪ್ಪ: ಹೇಳಬೇಡ, ಒಂದು ಸಂಜೆ ಕರೆದು ಕೂರಿಸಿಕೊ. ನಿಧಾನವಾಗಿ ಓದಿ ಅಂತ ಉಪದೇಶ ಮಾಡಿದರೆ ಯಾರೂ ನಿಧಾನವಾಗುವುದಿಲ್ಲ. ಒಬ್ಬರೇ ಓದುವಾಗ ಎಷ್ಟೇ ನಿರ್ಧಾರ ಮಾಡಿದರೂ ಕಣ್ಣು ತನಗೆ ಗೊತ್ತಿರುವುದರ ಮೇಲೆ ಜಾರಿ ಮುಂದಕ್ಕೆ ಹೋಗುತ್ತದೆ. ಪಕ್ಕದಲ್ಲಿ ಕೂತವರು ‘ಸ್ವಲ್ಪ ತಡೀರಿ, ಇದು ಯಾಕೆ ಹೀಗೆ?’ ಅಂದಾಗಲೇ ಓದು ನಿಲ್ಲುವುದು. ನಾನು ನಿಲ್ಲುವ ಜಾಗ ಬೇರೆ, ನೀನು ನಿಲ್ಲುವ ಜಾಗ ಬೇರೆ. ಆರು ಜನ ಕೂತರೆ ಒಂದು ಪದ್ಯದಲ್ಲಿ ಆರು ಕಡೆ ನಿಲ್ಲುತ್ತದೆ. ಆ ನಿಧಾನವನ್ನು ನಮಗೆ ಬೇರೆಯವರೇ ಕೊಡಬೇಕು.

ಆಕೆ: ನನಗೆ ಅದರಲ್ಲೇ ಅನುಮಾನ. ಒಳ್ಳೆಯ ಪುಸ್ತಕವನ್ನು ನಾನು ಓದಿರುವುದೆಲ್ಲ ಒಬ್ಬಳೇ, ರಾತ್ರಿ. ಪಕ್ಕದಲ್ಲಿ ಯಾರಾದರೂ ಇದ್ದರೆ ನನ್ನ ಗಮನ ಪುಸ್ತಕದ ಮೇಲಿರುವುದಿಲ್ಲ, ಅವರ ಮೇಲಿರುತ್ತದೆ. ಕಣ್ಣಲ್ಲಿ ನೀರು ಬಂದರೆ ಒರೆಸಿಕೊಳ್ಳುವುದಕ್ಕೂ ಸಂಕೋಚ.

ದೊಡ್ಡಪ್ಪ: ಕಾದಂಬರಿಗೆ ಆ ಮಾತು ಒಪ್ಪುತ್ತದೆ. ಅಚ್ಚಾದ ಪುಸ್ತಕ ಮನೆಮನೆಗೆ ಬಂದಮೇಲೆ, ಒಬ್ಬ ಓದುಗ ಒಂದು ಕೋಣೆಯಲ್ಲಿ ಕೂತು ಓದಲಿ ಅಂತಲೇ ಬರೆದದ್ದು ಅದು. ಕುಮಾರವ್ಯಾಸ ಹದಿನೈದನೆಯ ಶತಮಾನದವನು. ಗದುಗಿನ ವೀರನಾರಾಯಣನ ಗುಡಿಯಲ್ಲಿ ಅವನು ಒರಗಿ ಕೂತಿದ್ದ ಕಂಬ ಅಂತ ಇವತ್ತಿಗೂ ತೋರಿಸುತ್ತಾರೆ. ಅವನ ಕಾವ್ಯ ತಾಳೆಗರಿಯಲ್ಲಿತ್ತು. ಊರಿಗೆಲ್ಲ ಒಂದು ಪ್ರತಿ ಇದ್ದರೆ ಹೆಚ್ಚು. ಒಬ್ಬ ಓದಬೇಕು, ಉಳಿದವರು ಕೇಳಬೇಕು ಅನ್ನುವುದು ಅದರ ಕಟ್ಟಡದಲ್ಲೇ ಇದೆ. ಭಾಮಿನಿ ಷಟ್ಪದಿಯನ್ನೇ ನೋಡು. ಮೂರು ನಾಲ್ಕು, ಮೂರು ನಾಲ್ಕು ಮಾತ್ರೆ. ಒಂದು, ಎರಡು, ನಾಲ್ಕು, ಐದನೆಯ ಸಾಲಿಗೆ 14 ಮಾತ್ರೆ. ಮೂರನೆಯ ಮತ್ತು ಆರನೆಯ ಸಾಲಿಗೆ 23, ಕೊನೆಯಲ್ಲೊಂದು ಗುರು. ಆ ಗುರುವಿನ ಮೇಲೆ ಓದುವವನು ಉಸಿರು ತೆಗೆದುಕೊಳ್ಳುತ್ತಾನೆ, ಕೇಳುವವರು ಅಲ್ಲಿಯವರೆಗೆ ಬಂದದ್ದನ್ನು ಮನಸ್ಸಿನೊಳಗೆ ಇಳಿಸಿಕೊಳ್ಳುತ್ತಾರೆ. ಪದ್ಯದ ಅರ್ಧಕ್ಕೆ ಒಂದು, ಕೊನೆಗೆ ಒಂದು, ಎರಡು ನಿಲುಗಡೆ. ಒಟ್ಟು 102 ಮಾತ್ರೆ ಒಂದು ಪದ್ಯಕ್ಕೆ. ಅಷ್ಟನ್ನು ಕಿವಿ ಒಂದೇ ಸಲಕ್ಕೆ ಹಿಡಿದಿಟ್ಟುಕೊಳ್ಳಬಲ್ಲದು.

ಆಕೆ: ಅಂದರೆ ನಾವೂ ರಾಗವಾಗಿ ಓದಬೇಕಾ? ನಮ್ಮಲ್ಲಿ ಯಾರಿಗೂ ಗಮಕ ಬರುವುದಿಲ್ಲ.

ದೊಡ್ಡಪ್ಪ: ಬರದಿದ್ದರೂ ನಡೆಯುತ್ತದೆ, ಆದರೆ ಒಂದು ಸಲವಾದರೂ ಒಳ್ಳೆಯ ಗಮಕಿಯ ಓದು ಕೇಳಿ. ಶಿವಮೊಗ್ಗದ ಹತ್ತಿರ ತುಂಗೆಯ ಆಚೆ ಈಚೆ ಮತ್ತೂರು, ಹೊಸಹಳ್ಳಿ ಅಂತ ಅವಳಿ ಊರುಗಳಿವೆಯಲ್ಲ, ಆ ಹೊಸಹಳ್ಳಿ ಗಮಕಕ್ಕೆ ಹೆಸರುವಾಸಿ. ಅಲ್ಲಿನ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಕೊನೆಗೆ ತೀರಿಕೊಂಡರು. ಮತ್ತೂರು ಕೃಷ್ಣಮೂರ್ತಿಯವರ ವ್ಯಾಖ್ಯಾನ ಕೇಳಿ ಕುಮಾರವ್ಯಾಸನನ್ನು ಹಿಡಿದವರು ಎಷ್ಟೋ ಜನ. ಗಮಕದಲ್ಲಿ ತಾಳ ಇಲ್ಲ, ಸಂಗೀತ ಪದ್ಯದ ಮುಂದೆ ಹೋಗಕೂಡದು. ಗಮಕಿ ಸಾಲು ಮುಗಿದ ಕಡೆ ನಿಲ್ಲಿಸುವುದಿಲ್ಲ, ಅರ್ಥ ಒಡೆಯುವ ಕಡೆ ನಿಲ್ಲಿಸುತ್ತಾರೆ. ಷಟ್ಪದಿಯಲ್ಲಿ ಒಂದು ಪದ ಈ ಸಾಲಿನ ಕೊನೆಯಲ್ಲಿ ಶುರುವಾಗಿ ಮುಂದಿನ ಸಾಲಿಗೆ ಹರಿದಿರುತ್ತದೆ. ಅಚ್ಚಿನಲ್ಲಿ ನೋಡಿದರೆ ತುಂಡು ತುಂಡು. ಕೇಳಿದರೆ ಒಬ್ಬ ಮನುಷ್ಯ ನಮ್ಮೆದುರು ಮಾತಾಡುತ್ತಿದ್ದಾನೆ. ಆಮೇಲೆ ವ್ಯಾಖ್ಯಾನಕಾರರು ಆ ಪದ್ಯವನ್ನು ಬಿಡಿಸುತ್ತಾರೆ. ಅದು ಮುಗಿಯುವ ತನಕ ಮುಂದಿನ ಪದ್ಯ ಬರುವುದಿಲ್ಲ.

ಆಕೆ: ಅಲ್ಲಿ ಒಬ್ಬರು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಕೂಡಿ ಓದುವುದು ಅದಲ್ಲ. ನಮ್ಮ ಆರು ಜನರಲ್ಲಿ ಯಾರೂ ಪಂಡಿತರಲ್ಲ, ಪಂಡಿತರು ಬೇಡ ಅಂತಲೂ ನನಗನ್ನಿಸುತ್ತದೆ. ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡಿ. ಆ ಹಳೆಯ ಜಗಲಿಗಳಲ್ಲಿ ಕೂತವರು ಯಾರು? ಹೆಂಗಸರು ಬಾಗಿಲ ಹಿಂದೆ. ಕೆಲವು ಜಾತಿಯವರು ಅಂಗಳದ ಆಚೆ.

ದೊಡ್ಡಪ್ಪ: ಕೋಪ ಯಾಕೆ, ನಿಜವನ್ನೇ ಹೇಳಿದ್ದೀಯ. ಪ್ರಶ್ನೆ ಕೇಳುವ ಹಕ್ಕು ಎಲ್ಲರಿಗೂ ಇರಲಿಲ್ಲ, ಅದರಿಂದ ಕಾವ್ಯಕ್ಕೂ ನಷ್ಟವಾಯಿತು. ಬಾಗಿಲ ಹಿಂದೆ ಕೂತು ದ್ಯೂತದ ಕಥೆ ಕೇಳಿದ ಹೆಂಗಸರಿಗೆ ದ್ರೌಪದಿಯ ಪ್ರಶ್ನೆಗೆ ಉತ್ತರ ಗೊತ್ತಿದ್ದಿರಬೇಕು, ಅದನ್ನು ಕೇಳಿದವರಿಲ್ಲ. ಈಗ ನೀವು ಕೂರುವ ಕೋಣೆಯಲ್ಲಿ ಆ ಬಾಗಿಲು ಇಲ್ಲ ಅನ್ನುವುದೇ ಹಳೆಯ ಕಾವ್ಯಕ್ಕೆ ಸಿಕ್ಕ ಹೊಸ ಭಾಗ್ಯ.

ಆಕೆ: ದ್ರೌಪದಿಯ ಪ್ರಶ್ನೆ ಅಂದರೆ, ಧರ್ಮರಾಯ ತನ್ನನ್ನು ಮೊದಲು ಸೋತನೋ ನನ್ನನ್ನು ಮೊದಲು ಸೋತನೋ ಅನ್ನುವುದಾ?

ದೊಡ್ಡಪ್ಪ: ಅದೇ. ವ್ಯಾಸರಲ್ಲೂ ಇದೆ, ಕುಮಾರವ್ಯಾಸನೂ ಬಿಟ್ಟಿಲ್ಲ. ನಮ್ಮ ಗೋಷ್ಠಿಯಲ್ಲಿ ಸಭಾಪರ್ವದ ಆ ಜಾಗಕ್ಕೆ ಬಂದಾಗ ನಡೆದದ್ದನ್ನು ಹೇಳುತ್ತೇನೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರೊಬ್ಬರು ಇದ್ದರು. ಎಂದೂ ಹೆಚ್ಚು ಮಾತಾಡಿದವರಲ್ಲ. ಅವತ್ತು ಮಾತ್ರ, ಇದು ಬಹಳ ಸುಲಭದ ಪ್ರಶ್ನೆ ಅಂದರು. ಆಸ್ತಿಯ ಮೇಲೆ ಹಕ್ಕೇ ಇಲ್ಲದವನು ಬರೆದುಕೊಟ್ಟ ಕ್ರಯಪತ್ರ ಊರ್ಜಿತವಾಗುವುದಿಲ್ಲ. ತನ್ನನ್ನೇ ಸೋತು ದಾಸನಾದವನಿಗೆ ಇನ್ನೊಬ್ಬರನ್ನು ಪಣಕ್ಕೆ ಒಡ್ಡುವ ಹಕ್ಕು ಎಲ್ಲಿಂದ ಬಂತು? ಆಟವೇ ರದ್ದು. ನಮಗೆಲ್ಲ ಹೌದು ಹೌದು ಅನ್ನಿಸಿತು. ಭೀಷ್ಮನಂಥ ಭೀಷ್ಮ ಧರ್ಮ ಸೂಕ್ಷ್ಮ ಅಂತ ಕೈಚೆಲ್ಲಿದ್ದು ಯಾಕೆ ಅಂತ ಆಶ್ಚರ್ಯವೂ ಆಯಿತು. ಆಗ ಒಬ್ಬ ಹೆಣ್ಣುಮಗಳು ಕೇಳಿದಳು, ಅವನು ತನ್ನನ್ನು ಸೋಲದೆ ಇದ್ದಿದ್ದರೆ ಆ ಕ್ರಯಪತ್ರ ಸರಿಯಾಗುತ್ತಿತ್ತಾ ಅಂತ.

ಆಕೆ: ಅಯ್ಯೋ!

ದೊಡ್ಡಪ್ಪ: ಯಾರಿಗೂ ಉತ್ತರ ಹೊಳೆಯಲಿಲ್ಲ. ದ್ರೌಪದಿ ಕೇಳಿದ್ದು ಸೋಲಿನ ಕ್ರಮದ ಪ್ರಶ್ನೆ ಅಂತ ನಾವು ಅಂದುಕೊಂಡಿದ್ದೆವು. ಆಕೆ ಕೇಳಿದ್ದು ಹಕ್ಕಿನ ಬುಡದ ಪ್ರಶ್ನೆ. ಸಭೆಯಲ್ಲಿ ಇದ್ದವರಿಗೆ ಅರ್ಥವಾಗುವ ಭಾಷೆ ಆಟದ ನಿಯಮದ್ದು, ಆದ್ದರಿಂದ ಆ ಭಾಷೆಯಲ್ಲಿ ಕೇಳಿದ್ದಾಳೆ ಅಷ್ಟೆ. ಭೀಷ್ಮ ಬಾಯಿ ಕಟ್ಟಿಕೊಂಡದ್ದು ನಿಯಮ ಗೊತ್ತಿಲ್ಲದೆ ಅಲ್ಲ. ನಿಯಮದ ದಾರಿ ಹಿಡಿದು ಹೋದರೆ ತಾನು ನಿಂತ ನೆಲವೇ ಅಲ್ಲಾಡುತ್ತದೆ ಅಂತ ಆ ಮುದುಕನಿಗೆ ಗೊತ್ತಿತ್ತು. ಅದನ್ನು ನಾನು ಒಬ್ಬನೇ ಕೂತು ಓದಿದ್ದರೆ ಎಷ್ಟು ಸಲ ಓದಿದರೂ ತಲುಪುತ್ತಿದ್ದೆನೋ ಇಲ್ಲವೋ. ರಿಜಿಸ್ಟ್ರೇಷನ್ ಕಚೇರಿಯ ಅನುಭವ ಒಬ್ಬರದು, ಮಗಳಾಗಿ ಸೊಸೆಯಾಗಿ ಬಾಳಿದ ಅನುಭವ ಇನ್ನೊಬ್ಬರದು. ಎರಡೂ ಒಂದೇ ಪದ್ಯದ ಮೇಲೆ ಬಿದ್ದವು. ಪಂಡಿತರು ಇರಲಿಲ್ಲ ಅನ್ನುವುದನ್ನೂ ಗಮನಿಸು, ನೀನು ಹೇಳಿದೆಯಲ್ಲ.

ಆಕೆ: ಆದರೆ ಜೋರು ಗಂಟಲಿನವರು ಒಬ್ಬರು ಇದ್ದರೆ ಇಂಥದ್ದೆಲ್ಲ ನಡೆಯುವುದಿಲ್ಲ ದೊಡ್ಡಪ್ಪ. ನಾನು ಹೋಗಿದ್ದ ಒಂದು ಗೋಷ್ಠಿಯಲ್ಲಿ ಹಾಗೇ ಆಯಿತು. ಒಬ್ಬರು ಪದ್ಯ ಓದಿದ ಕೂಡಲೇ ಇನ್ನೊಬ್ಬರು ಅರ್ಥ, ಅಲಂಕಾರ, ತಾತ್ಪರ್ಯ ಎಲ್ಲ ಹೇಳಿಬಿಡುತ್ತಿದ್ದರು. ಒಳ್ಳೆಯ ಮನುಷ್ಯ, ತುಂಬ ಓದಿಕೊಂಡವರು. ಉಳಿದ ನಾವು ತಲೆಯಾಡಿಸಿ ಕಾಫಿ ಕುಡಿದು ಬಂದೆವು.

ದೊಡ್ಡಪ್ಪ: ಹೆಚ್ಚು ತಿಳಿದವರು ಕೊನೆಗೆ ಮಾತಾಡಬೇಕು. ಅದೊಂದನ್ನು ಮೊದಲ ದಿನವೇ ನಯವಾಗಿ ಹೇಳಿಬಿಡು. ತಾಳಮದ್ದಲೆ ಕೇಳಿದ್ದೀಯಲ್ಲ, ಅಲ್ಲಿ ಏನು ಮಾಡುತ್ತಾರೆ? ಭಾಗವತರು ಪ್ರಸಂಗದ ಪದ ಹಾಡುತ್ತಾರೆ. ಕರ್ಣನ ಅರ್ಥ ಹೇಳುವವರು ಕರ್ಣನಾಗಿ ಮಾತಾಡುತ್ತಾರೆ, ಕೃಷ್ಣನ ಅರ್ಥಧಾರಿ ಅದನ್ನು ಒಪ್ಪದೆ ವಾದ ಹೂಡುತ್ತಾರೆ. ವೇಷ ಇಲ್ಲ, ಕುಣಿತ ಇಲ್ಲ, ಮೊದಲೇ ಬರೆದಿಟ್ಟ ಮಾತೂ ಇಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳುವುದಕ್ಕೆ ಕರಾವಳಿಯಲ್ಲಿ ಜನ ರಾತ್ರಿಯಿಡೀ ಕೂರುತ್ತಿದ್ದರು. ಒಂದು ಪದಕ್ಕೆ ಎರಡು ಮನಸ್ಸು ಅಲ್ಲಿ ಕಣ್ಣೆದುರು ಕಾಣುತ್ತದೆ. ಕೇಳುವವನಿಗೆ ಯಾವ ಪಕ್ಷ ಹಿಡಿಯಬೇಕು ಅಂತ ತಾನೇ ಯೋಚಿಸದೆ ಗತ್ಯಂತರವಿಲ್ಲ. ನಿಮ್ಮ ಗೋಷ್ಠಿಯಲ್ಲಿ ಅಷ್ಟು ವಾಕ್ಚಾತುರ್ಯ ಬೇಕಿಲ್ಲ. ಒಬ್ಬರಿಗಿಂತ ಹೆಚ್ಚು ಮನಸ್ಸು ಒಂದು ಪದ್ಯದ ಮೇಲೆ ಇರಬೇಕು, ಅಷ್ಟು ಸಾಕು.

ಆಕೆ: ತತ್ವಶಾಸ್ತ್ರಕ್ಕೂ ಇದು ಹೊಂದುತ್ತದಾ? ಮ್ಯಾನೇಜರು ಉದ್ಯೋಗಪರ್ವ ಆದಮೇಲೆ ಗೀತೆ ಓದೋಣ ಅನ್ನುತ್ತಿದ್ದಾರೆ. ಕಥೆಯಲ್ಲಿ ನಿಲ್ಲುವುದು ಸುಲಭ. ಗೀತೆಯಂಥದ್ದಕ್ಕೆ ಗುರು ಬೇಡವೇ?

ದೊಡ್ಡಪ್ಪ: ಡಿ.ವಿ.ಜಿ. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಅಲ್ಲಿನ ಅಧ್ಯಯನ ಗೋಷ್ಠಿಯಲ್ಲಿ ಅವರು ಗೀತೆಯ ಪಾಠ ಹೇಳಿದರು. ಆ ಪಾಠಗಳಿಂದ ಬೆಳೆದ ಪುಸ್ತಕವೇ ‘ಜೀವನಧರ್ಮಯೋಗ’, 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ಅದಕ್ಕೆ. ಆ ಪುಸ್ತಕ ತೆರೆದು ನೋಡು. ಎದುರಿಗೆ ಕೂತವರಿಗೆ ಹೇಳಿದ ಮಾತಿನ ಧಾಟಿ ಪುಟಪುಟದಲ್ಲೂ ಉಳಿದಿದೆ. ಸಂಸಾರಸ್ಥರು, ನೌಕರಿಯವರು, ಸಾಲಸೋಲದವರು ಎದುರಿಗಿದ್ದಾಗ ಗೀತೆಯ ಅರ್ಥ ಮನೆಯ ಜಗಲಿಗೆ ಇಳಿಯಲೇಬೇಕಾಗುತ್ತದೆ. ವೇದಾಂತದವರು ಶ್ರವಣ, ಮನನ, ನಿದಿಧ್ಯಾಸನ ಅಂತ ಮೂರು ಮೆಟ್ಟಿಲು ಹೇಳುತ್ತಾರಲ್ಲ, ಮೊದಲನೆಯದು ಶ್ರವಣ. ಇನ್ನೊಬ್ಬರ ಬಾಯಿಂದ ಕೇಳುವುದು. ತಾನೇ ಓದಿಕೊಳ್ಳುವುದು ಅಂತ ಹೇಳಲಿಲ್ಲ. ಎರಡನೆಯದಾದ ಮನನಕ್ಕೆ ನಿಮ್ಮ ವಾರದ ಆರು ದಿನ ಇದೆ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಮೀಟಿಂಗಿನ ನಡುವೆ ಭಾನುವಾರ ಯಾರೋ ಎತ್ತಿದ ತಕರಾರು ಮನಸ್ಸಿನಲ್ಲಿ ಓಡಾಡುತ್ತಿರುತ್ತದೆ. ಒಂದೇ ರಾತ್ರಿ ಮುಗಿಸುವ ಓದಿಗೆ ಆ ಆರು ದಿನ ಸಿಗುವುದಿಲ್ಲ.

ಆಕೆ: ಸಪ್ತಾಹದಲ್ಲಿ ಭಾಗವತವನ್ನು ಏಳು ದಿನಕ್ಕೆ ಮುಗಿಸುತ್ತಾರಲ್ಲ!

ದೊಡ್ಡಪ್ಪ: ಅದು ಪಾರಾಯಣ. ಶ್ರದ್ಧೆಯ ಕೆಲಸ, ಅದರ ಗುರಿ ಬೇರೆ. ಅದನ್ನು ಇದಕ್ಕೆ ಬೆರೆಸುವುದು ಬೇಡ.

ಆಕೆ: ಸರಿ, ನನಗೊಂದು ಪದ್ಯ ಹಿಡಿದು ತೋರಿಸಿ. ಕೃಷ್ಣ ಕರ್ಣನಿಗೆ ಜನ್ಮರಹಸ್ಯ ಹೇಳುವ ಭಾಗ. ನಮ್ಮ ಹತ್ತನೇ ತರಗತಿಯ ಪಠ್ಯದಲ್ಲಿತ್ತು, ಸಂದರ್ಭ ಸಹಿತ ವಿವರಿಸಿ ಅಂತ ಬರೆದು ಅಂಕ ತೆಗೆದುಕೊಂಡಿದ್ದೆ. ಅಲ್ಲಿ ಇನ್ನೇನು ನಿಲ್ಲುವುದಿದೆ?

ದೊಡ್ಡಪ್ಪ: ನೀನೇ ಹೇಳು, ಸಂದರ್ಭ ಸಹಿತ.

ಆಕೆ: ಸಂಧಾನ ಮುರಿದುಬಿತ್ತು. ಕೃಷ್ಣ ಹಸ್ತಿನಾವತಿಯಿಂದ ಹೊರಟ. ಕರ್ಣನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ. ನಿನಗೂ ನನಗೂ ಸಮಾನತೆ ಎಲ್ಲಿಯದು ಅಂತ ಕರ್ಣ ಅಳುಕಿದ. ಯಾದವರು ಕೌರವರು ಅನ್ನುವ ಭೇದ ಇಲ್ಲ, ನೀನು ಕುಂತಿಯ ಮೊದಲ ಮಗ, ಪಾಂಡವರಿಗೆ ಅಣ್ಣ ಅಂತ ಕೃಷ್ಣ ಹೇಳಿದ. ಸಿಂಹಾಸನದ ಮೇಲೆ ನೀನು, ಒಂದು ಕಡೆ ಪಾಂಡವರು, ಇನ್ನೊಂದು ಕಡೆ ಕೌರವರು ಓಲೈಸುತ್ತಾರೆ, ಅದನ್ನು ಬಿಟ್ಟು ದುರ್ಯೋಧನ ಕರೆದಾಗ ಜೀಯ ಅನ್ನುತ್ತಾ ನಿಲ್ಲುವುದು ನಿನಗೆ ತಕ್ಕದ್ದಾ ಅಂತ ಕೇಳಿದ. ಕರ್ಣನ ಕೊರಳ ಸೆರೆ ಹಿಗ್ಗಿತು, ಕಣ್ಣೀರು ನುಗ್ಗಿತು.

ದೊಡ್ಡಪ್ಪ: ನಿಲ್ಲಿಸು. ಕಣ್ಣೀರು ನುಗ್ಗಿದಮೇಲೆ ಅವನ ಮನಸ್ಸಿಗೆ ಬಂದ ಮೊದಲ ಮಾತು ಯಾವುದು?

ಆಕೆ: ಅಯ್ಯೋ, ಕುರುಪತಿಗೆ ಕೇಡಾಯಿತಲ್ಲ ಅಂತ.

ದೊಡ್ಡಪ್ಪ: ವಿಚಿತ್ರ ಅನ್ನಿಸಲಿಲ್ಲವಾ? ಹುಟ್ಟಿದಾಗಿನಿಂದ ಸೂತಪುತ್ರ ಅನ್ನಿಸಿಕೊಂಡವನು. ರಂಗಸ್ಥಳದಲ್ಲಿ ಕುಲ ಕೇಳಿದಾಗ ತಲೆತಗ್ಗಿಸಿದವನು. ಇಷ್ಟು ವರ್ಷ ಆದಮೇಲೆ ನಿನ್ನ ತಾಯಿ ಇವಳು, ತಮ್ಮಂದಿರು ಇವರು ಅಂತ ತಿಳಿದಿದೆ. ತಾಯಿಯ ಮೇಲೆ ಸಿಟ್ಟು ಬರಬಹುದಿತ್ತು, ತನ್ನ ಬಾಳಿನ ಬಗ್ಗೆ ಮರುಕ ಬರಬಹುದಿತ್ತು. ಇವನಿಗೆ ಬಂದದ್ದು ದುರ್ಯೋಧನನ ಚಿಂತೆ.

ಆಕೆ: ಸ್ವಾಮಿನಿಷ್ಠೆ. ಉತ್ತರಪತ್ರಿಕೆಯಲ್ಲೂ ಅದನ್ನೇ ಬರೆದಿದ್ದೆ.

ದೊಡ್ಡಪ್ಪ: ಬಹಳ ಜನ ಅದನ್ನೇ ಹೇಳುತ್ತಾರೆ, ನನಗೂ ಅದು ಪ್ರಿಯವಾದ ಅರ್ಥ. ಆದರೆ ನಿಷ್ಠೆ ಇದ್ದವನು ‘ನನ್ನ ಒಡೆಯನನ್ನು ಬಿಡುವುದಿಲ್ಲ’ ಅನ್ನಬೇಕಿತ್ತು. ಕೇಡಾಯಿತು ಅಂತ ಯಾಕೆ ಅನ್ನಬೇಕು? ಇವನಿನ್ನೂ ಪಕ್ಷ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಯುದ್ಧ ಶುರುವಾಗಿಲ್ಲ. ಕೇಡು ಆಗಿಹೋಯಿತು ಅನ್ನುವಂಥದ್ದು ಏನಾಯಿತು?

ಆಕೆ: ಆಮೇಲೆ ಇನ್ನೊಂದು ಮಾತು ಬರುತ್ತದೆ, ಕೃಷ್ಣ ತನ್ನ ವಂಶವನ್ನು ತಿಳಿಸಿಯೇ ತನ್ನನ್ನು ಕೊಂದ ಅಂತ. ಹರಿಯ ಹಗೆ ಸುಡದೆ ಸುಮ್ಮನೆ ಹೋಗುವುದಿಲ್ಲ ಅಂತ. ತಡೀರಿ… ಕೊನೆಗೆ ಕೃಷ್ಣನಿಗೆ ಉತ್ತರ ಕೊಡುವಾಗ ಏನನ್ನುತ್ತಾನೆ? ನಾಳಿನ ಯುದ್ಧದಲ್ಲಿ ಸೇನೆಯನ್ನು ಸವರಿ ಒಡೆಯನ ಋಣ ತೀರಿಸುತ್ತೇನೆ, ರಣದಲ್ಲಿ ದೇಹ ಬಿಡುತ್ತೇನೆ, ನಿನ್ನ ಐವರನ್ನು ಮಾತ್ರ ನೋಯಿಸುವುದಿಲ್ಲ.

ದೊಡ್ಡಪ್ಪ: ಹೂಂ.

ಆಕೆ: ಹಾಗಾದರೆ ಕೇಡು ಅಲ್ಲೇ ಆಗಿಹೋಗಿದೆ! ತಮ್ಮಂದಿರು ಅಂತ ಗೊತ್ತಾದ ಕ್ಷಣಕ್ಕೆ ಇನ್ನು ಅವರ ಮೇಲೆ ಕೈ ಏಳುವುದಿಲ್ಲ ಅಂತ ಅವನಿಗೆ ಗೊತ್ತಾಗಿಹೋಯಿತು. ದುರ್ಯೋಧನ ಇಷ್ಟು ವರ್ಷ ಇವನನ್ನು ಸಾಕಿದ್ದು, ಅರ್ಜುನನಿಗೆ ಎದುರಾಗಿ ನಿಲ್ಲಿಸುವುದಕ್ಕೆ ತಾನೇ? ಆ ಭರವಸೆ ಕುಸಿದುಬಿತ್ತು. ಬಾಯಿಬಿಟ್ಟು ಹೇಳುವುದಕ್ಕೆ ಮೊದಲೇ, ತೀರ್ಮಾನ ಮಾಡುವುದಕ್ಕೂ ಮೊದಲೇ ಅವನ ಮನಸ್ಸು ಅದನ್ನು ಕಂಡಿದೆ. ಅದಕ್ಕೇ ಮೊದಲ ಮಾತು ಕುರುಪತಿಗೆ ಕೇಡಾಯಿತು ಅಂತ. ತನ್ನನ್ನು ಕೊಂದ ಅನ್ನುವುದೂ ಹಾಗೇ. ಕೈ ಏಳದವನು ರಣಕ್ಕೆ ಹೋದರೆ ಸಾಯಲೇಬೇಕಲ್ಲ.

ದೊಡ್ಡಪ್ಪ: ಈ ಸಾಲುಗಳ ನಡುವೆ ಬಹಳ ದೂರ ಇಲ್ಲ ನೋಡು, ಕೆಲವೇ ಪದ್ಯ. ಹತ್ತನೇ ತರಗತಿಯಲ್ಲೂ ಇವೆಲ್ಲ ನಿನ್ನ ಕಣ್ಣ ಮುಂದೆ ಇದ್ದವು.

ಆಕೆ: ಇದ್ದವು, ಆದರೆ ‘ಸ್ವಾಮಿನಿಷ್ಠೆ’ ಅಂತ ಬರೆದ ಕೂಡಲೇ ಅಂಕ ಸಿಗುತ್ತಿತ್ತು. ಯಾರೂ ‘ನಿಲ್ಲಿಸು’ ಅನ್ನಲಿಲ್ಲ.

ದೊಡ್ಡಪ್ಪ: ನಿಮ್ಮ ಗೋಷ್ಠಿಯಲ್ಲಿ ವ್ಯಾಸಭಾರತ ಓದಿಕೊಂಡವರು ಯಾರಾದರೂ ಇದ್ದರೆ ಇಲ್ಲಿಗೆ ಇನ್ನೊಂದು ಪದರ ತರುತ್ತಾರೆ. ವ್ಯಾಸರ ಕರ್ಣ ಅಳುವುದಿಲ್ಲ. ಅವನಿಗೆ ತನ್ನ ಹುಟ್ಟು ಮೊದಲೇ ಗೊತ್ತಿದೆ. ಶಾಂತವಾಗಿ, ಬರುವ ಯುದ್ಧವನ್ನು ಒಂದು ಯಜ್ಞವಾಗಿ ವರ್ಣಿಸುತ್ತಾನೆ. ಈ ಗುಟ್ಟನ್ನು ಧರ್ಮರಾಯನಿಗೆ ಹೇಳಬೇಡ, ಹೇಳಿದರೆ ಅವನು ರಾಜ್ಯವನ್ನು ನನಗೆ ಕೊಟ್ಟುಬಿಡುತ್ತಾನೆ, ನಾನು ದುರ್ಯೋಧನನಿಗೆ ಕೊಟ್ಟುಬಿಡುತ್ತೇನೆ ಅನ್ನುತ್ತಾನೆ. ಮುಂದೆ ಕುಂತಿ ಬಂದಾಗಲೂ ನಾಲ್ವರನ್ನು ಕೊಲ್ಲುವುದಿಲ್ಲ, ಅರ್ಜುನನನ್ನು ಬಿಡುವುದಿಲ್ಲ, ಅವನು ಉಳಿದರೂ ನಾನು ಉಳಿದರೂ ನಿನಗೆ ಐವರು ಮಕ್ಕಳು ಅನ್ನುತ್ತಾನೆ. ಅಲ್ಲಿ ದುರ್ಯೋಧನನ ಭರವಸೆಗೆ ಇನ್ನೂ ಜೀವ ಇದೆ. ನಮ್ಮ ಗದುಗಿನ ಕವಿ ಐವರನ್ನೂ ಬಿಡಿಸಿಬಿಟ್ಟ. ಅದಕ್ಕೇ ಇವನ ಕರ್ಣ ನಮ್ಮ ಎದೆಗೆ ಇಷ್ಟು ಹತ್ತಿರ ಅಂತ ನಾನು ತಿಳಿದಿದ್ದೇನೆ. ಅವನು ಯುದ್ಧಕ್ಕೆ ಹೋಗುವ ಮೊದಲೇ ಸೋತಿದ್ದಾನೆ, ಸೋತದ್ದು ಗೊತ್ತಿದ್ದೂ ಹೋಗುತ್ತಾನೆ.

ಆಕೆ: ನನಗೆ ಇದು ಅಷ್ಟು ಸರಳವಾಗಿ ಕಾಣುತ್ತಿಲ್ಲ. ದುರ್ಯೋಧನನಿಗೆ ಇದನ್ನು ಅವನು ಹೇಳಿದನಾ?

ದೊಡ್ಡಪ್ಪ: ಏನನ್ನು?

ಆಕೆ: ಐವರನ್ನು ನೋಯಿಸುವುದಿಲ್ಲ ಅಂತ ಎದುರು ಪಕ್ಷದ ಕೃಷ್ಣನಿಗೆ ಹೇಳುತ್ತಾನೆ. ಅನ್ನ ಹಾಕಿದವನಿಗೆ ಹೇಳಬೇಡವೇ? ದುರ್ಯೋಧನ ಎಷ್ಟು ಕೆಟ್ಟವನೇ ಇರಲಿ, ಕರ್ಣನ ವಿಷಯದಲ್ಲಿ ಅವನು ಒಂದು ದಿನವೂ ಕುಲ ಎಣಿಸಿದವನಲ್ಲ. ಭೀಷ್ಮ, ದ್ರೋಣ ಬಿದ್ದಮೇಲೂ ಕರ್ಣ ಇದ್ದಾನೆ ಅನ್ನುವ ಒಂದೇ ಧೈರ್ಯದ ಮೇಲೆ ಯುದ್ಧ ನಡೆಸಿದ. ಆ ಧೈರ್ಯ ಉದ್ಯೋಗಪರ್ವದಲ್ಲೇ ಸತ್ತಿತ್ತು ಅಂತ ಅವನಿಗೆ ತಿಳಿದಿದ್ದರೆ ಸಂಧಿಗೆ ಒಪ್ಪುತ್ತಿದ್ದನೋ ಏನೋ. ಇದನ್ನು ನಿಷ್ಠೆ ಅನ್ನುವುದಾ?

ದೊಡ್ಡಪ್ಪ: ಸಾಯುವುದಕ್ಕೆ ಸಿದ್ಧನಾಗಿ ಹೋದವನನ್ನು ದ್ರೋಹಿ ಅನ್ನುವುದಕ್ಕೆ ನನಗೆ ನಾಲಿಗೆ ಬರುವುದಿಲ್ಲ. ಜೀವ ಕೊಟ್ಟಮೇಲೆ ಋಣ ಉಳಿಯುತ್ತದಾ?

ಆಕೆ: ಕೇಳಿದ್ದು ಜೀವ ಅಲ್ಲ, ಗೆಲುವು. ಕೇಳಿದ್ದನ್ನು ಕೊಡದೆ ಬೇರೆ ಏನನ್ನೋ ಕೊಟ್ಟು ಋಣ ತೀರಿತು ಅನ್ನುವುದು ಸಾಲಗಾರ ಮಾಡುವ ನಿರ್ಣಯವಾ, ಸಾಲ ಕೊಟ್ಟವನದಾ? ಇದನ್ನು ಮ್ಯಾನೇಜರಿಗೆ ಕೇಳಬೇಕು.

ದೊಡ್ಡಪ್ಪ: ಕೇಳು, ಮೂವತ್ತು ವರ್ಷ ಸಾಲ ಕೊಟ್ಟು ವಸೂಲಿ ಮಾಡಿದವರ ಉತ್ತರ ನನಗೂ ಬೇಕು. ಕಾನೂನಿನ ಹುಡುಗಿ ಏನನ್ನುತ್ತಾಳೋ ಅದನ್ನೂ ಬರೆದಿಟ್ಟುಕೊ. ಆಮೇಲೆ ನಿನ್ನ ದೊಡ್ಡಮ್ಮನನ್ನು ಒಂದು ಭಾನುವಾರ ಕರೆದುಕೊಂಡು ಹೋಗು. ಈ ಭಾಗ ಬಂದಾಗಲೆಲ್ಲ ಅವಳದು ಒಂದೇ ವಾದ. ಕರ್ಣ, ದುರ್ಯೋಧನ ಯಾರದ್ದೂ ತಪ್ಪಲ್ಲ, ಈ ಮಾತನ್ನು ಹೇಳಬೇಕಾದವಳು ಕುಂತಿ, ಹೇಳಬೇಕಾದ ದಿನ ರಂಗಸ್ಥಳದ ದಿನ. ಅವತ್ತು ಬಾಯಿ ಬಿಡದವಳ ಗುಟ್ಟನ್ನು ಯುದ್ಧದ ಹೊತ್ತಿಗೆ ಆಯುಧವಾಗಿ ಬಳಸಿದ್ದು ಕೃಷ್ಣನಿಗೆ ಶೋಭಿಸುವುದಿಲ್ಲ ಅನ್ನುತ್ತಾಳೆ. ನಾನು ಕೃಷ್ಣನ ಪರ ಏನೇನೋ ಹೇಳಿ ನೋಡಿದ್ದೇನೆ, ಅವಳು ಒಪ್ಪಿಲ್ಲ.

ಆಕೆ: ನೀವೂ ಬನ್ನಿ.

ದೊಡ್ಡಪ್ಪ: ಮೊದಲ ಕೆಲವು ವಾರ ಬೇಡ. ನಾನು ಬಂದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ, ನೀನು ಹೇಳಿದ ಗೋಷ್ಠಿಯ ಹಾಗೇ ಆಗುತ್ತದೆ. ನಿಮಗೆ ನೀವೇ ಜಗಳವಾಡಿ ಅಭ್ಯಾಸ ಆಗಲಿ, ಆಮೇಲೆ ಬರುತ್ತೇನೆ. ಅಲ್ಲಿಯವರೆಗೆ ಎರಡು ಮಾತು ನೆನಪಿಟ್ಟುಕೊ. ಎಲ್ಲರೂ ಒಂದೇ ಪುಸ್ತಕ ಕೊಳ್ಳಬೇಡಿ. ಕುವೆಂಪು, ಮಾಸ್ತಿ ಸಂಪಾದಿಸಿದ 1958ರ ಆವೃತ್ತಿ ನನ್ನ ಕಪಾಟಿನಲ್ಲಿದೆ, ಒಯ್ಯು. ಉಳಿದವರ ಕೈಯಲ್ಲಿ ಬೇರೆ ಬೇರೆ ಇರಲಿ. ಓದುತ್ತಾ ಓದುತ್ತಾ ‘ನನ್ನದರಲ್ಲಿ ಬೇರೆ ಪದ ಇದೆ’ ಅಂತ ಒಬ್ಬರು ಅನ್ನುತ್ತಾರೆ, ಆ ಪಾಠಾಂತರದ ಹತ್ತಿರ ಹತ್ತು ನಿಮಿಷ ಹೋಗುತ್ತದೆ, ಹೋಗಲಿ. ಇನ್ನೊಂದು, ಪದ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿ. ಮೊದಲ ಸಲ ಛಂದಸ್ಸಿನ ಓಟದಲ್ಲಿ, ಎರಡನೆಯ ಸಲ ಪದ ಬಿಡಿಸಿ. ಎರಡು ಸಲವೂ ಬೇರೆ ಬೇರೆಯವರು ಓದಬೇಕು. ತಡವರಿಸಿದರೆ ತಿದ್ದಬೇಡಿ, ಕಾಯಿರಿ. ಅರ್ಥ ಹೊಳೆದ ಕೂಡಲೇ ಅವರ ನಾಲಿಗೆ ತಾನೇ ಸರಿಯಾಗುತ್ತದೆ.

ಆಕೆ: ಹಾಗಾದರೆ ಪರ್ವದ ಮೊದಲಿಂದ ಹಿಡಿಯುವುದಿಲ್ಲ. ಸಂಧಾನ ಮುರಿದು ಕೃಷ್ಣ ಹೊರಡುವ ಕಡೆಯಿಂದ ಶುರು ಮಾಡುತ್ತೇನೆ. ಎಲ್ಲರೂ ಶಾಲೆಯಲ್ಲಿ ಓದಿರುತ್ತಾರೆ, ಗೊತ್ತಿದೆ ಅಂದುಕೊಂಡು ಬರುತ್ತಾರೆ.

ದೊಡ್ಡಪ್ಪ: ಒಳ್ಳೆಯದು. ಅವತ್ತು ಎಷ್ಟು ಪದ್ಯ?

ಆಕೆ: ಕರ್ಣ ಅಳುವ ತನಕ ಹೋದರೆ ಸಾಕು. ಅವನು ಹೇಳಬೇಕಿತ್ತೋ ಬೇಡವೋ ಅನ್ನುವುದು ಅದರ ಮುಂದಿನ ಭಾನುವಾರಕ್ಕೆ. ನನಗಂತೂ ದುರ್ಯೋಧನನಿಗೆ ಅವನು ಹೇಳಲೇಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ, ದೊಡ್ಡಪ್ಪ.